ಬೆಳ್ಳಿಬಣ್ಣ ಹಚ್ಚಿದ ಶಸ್ತ್ರ

ಗುತ್ತೆಪ್ಪನ ಹೆಸರು ಎತ್ತಿದರೆ ಸಾಕು, ಹಾಲವ್ವನ ಮೂತಿ ಸೊಟ್ಟಗಾಗುತ್ತಿತ್ತು. ಆತ ಅವಳ ಗಂಡನ ತಮ್ಮ, ಚಿಕ್ಕೇರೂರಿನ ಪುರವಂತ, ಊರಿಗೆಲ್ಲ ದೊಡ್ಡ ಮನುಷ್ಯ. ಅವಳ ಪಾಲಿಗೆ ಮಾತ್ರ ಕವಡೆ ಕಿಮ್ಮತ್ತಿಲ್ಲದವನು. ವೀರಭದ್ರನ ಒಕ್ಕಲಿನ ಮನೆಗಳಲ್ಲಿ ಮದುವೆಗೆ ಮುಂಚೆ ಗುಗ್ಗುಳ ಎಂಬ ದೇವರ ಮೆರವಣಿಗೆ ಹೊರಡಿಸುತ್ತಾರೆ. ಅದರ ಮುಂದೆ ಖಡ್ಗ ಹಿಡಿದು ಕುಣಿಯುವವರು, ದೇವರನ್ನು ಹೊಗಳುವ ಒಡಪು ಹೇಳುವವರು, ಕೆನ್ನೆಗೆ ಶಸ್ತ್ರ ಹಾಕಿಕೊಳ್ಳುವವರು ಪುರವಂತರು. ಗುತ್ತೆಪ್ಪ ಕುಣಿಯುತ್ತಿದ್ದ, ಗಂಟಲು ಹರಿಯುವಂತೆ ಒಡಪು ಕೂಗುತ್ತಿದ್ದ. ಶಸ್ತ್ರದ ಮಾತು ಬಂದಾಗ ಮಾತ್ರ ಒಂಬತ್ತು ವರ್ಷದಿಂದ ಒಮ್ಮೆ ಹಲ್ಲುನೋವು, ಒಮ್ಮೆ ಜ್ವರ, ಏನೂ ಇಲ್ಲದಿದ್ದರೆ ದೇವರ ಅಪ್ಪಣೆ ಆಗಿಲ್ಲ. ಬೇರೆ ಊರಿನ ಪುರವಂತರನ್ನು ಕರೆಸಿ ಅವರ ಶಸ್ತ್ರ ಅವರೇ ಹಾಕಿಕೊಳ್ಳುವಂತೆ ಮಾಡಿ, ಮೀಸೆ ತಿರುವಿಕೊಂಡು ಮುಂದೆ ನಿಲ್ಲುತ್ತಿದ್ದ.

ಅಂಥವನು ಈಗ ಅಕ್ಕಿಆಲೂರಿನ ಅಕ್ಕಿ ಗಿರಣಿಯ ಸಾಹುಕಾರ ಪರಮೇಶ್ವರಪ್ಪನ ಮಗನ ಮದುವೆಗೆ ಮಾತು ಕೊಟ್ಟು ಬಂದಿದ್ದ. ಸಾಹುಕಾರನಿಗೆ ಗುತ್ತೆಪ್ಪನ ಮನೆತನದವರೇ, ಆ ಮನೆತನದ ಶಸ್ತ್ರವನ್ನೇ ಹಾಕಿಕೊಳ್ಳಬೇಕೆಂಬ ಹಟ. ಹಾಕಿಕೊಳ್ಳುವ ಕೆನ್ನೆ ಯಾರದು? ಹಾಲವ್ವನ ಒಬ್ಬನೇ ಮಗ, ಇಪ್ಪತ್ತೆರಡರ ಉಳವಪ್ಪನದು.

ಶಸ್ತ್ರವೆಂದರೆ ಮೊಳದುದ್ದದ ತೆಳ್ಳನೆಯ ಕಬ್ಬಿಣದ ಅಲಗು, ತುದಿ ಸೂಜಿ. ಗಂಡ ಶಂಕ್ರಪ್ಪ ಬದುಕಿದ್ದಾಗ ಹನ್ನೆರಡು ವರ್ಷ ಅದನ್ನೂ ಖಡ್ಗವನ್ನೂ ಕಾಯ್ದವಳು ಹಾಲವ್ವ. ಹೆಂಗಸು ಮುಟ್ಟಬಾರದು ಎಂದಿತ್ತು. ಶಂಕ್ರಪ್ಪ ಹಿತ್ತಲ ಬಾಗಿಲು ಹಾಕಿ ಅವಳ ಕೈಗೇ ಕೊಡುತ್ತಿದ್ದ. ಅವಳಿಗೆ ವಿದ್ಯೆ ಕಲಿಸಿದವನು ಸವಣೂರಿನ ಶಿಕಲಗಾರ ಬಂದೇಸಾಬ. ಸಾಣೆಗಾಲಿ ಹೊತ್ತು ವರ್ಷಕ್ಕೊಮ್ಮೆ ಬರುತ್ತಿದ್ದ ಆ ಮುದುಕ ಹೇಳಿದ್ದ: "ಕಬ್ಬಣಕ್ಕ ನೀರು ತೋರಸಬ್ಯಾಡ ಬೇಟಿ. ನಿಂಬಿಹಣ್ಣಿಲೆ ತಿಕ್ಕಿದ್ರ ತುಕ್ಕು ಹೋಕ್ಕೈತಿ, ಹುಳಿ ಉಳದ್ರ ನಾಕು ದಿನದಾಗ ದುಪ್ಪಟ್ಟಾಗಿ ಬರ್ತೈತಿ. ತುಕ್ಕು ರಕ್ತಕ್ಕ ಇಳದ್ರ ಮನಶ್ಯಾ ಉಳಿಯೂದಿಲ್ಲ." ಅವಳು ಒಣ ಬೂದಿ, ಜರಡಿ ಹಿಡಿದ ಇಟ್ಟಂಗಿ ಪುಡಿಯಿಂದ ತಿಕ್ಕುತ್ತಿದ್ದಳು. ಬೆಂಕಿಗೆ ಹಿಡಿದು ಬೆಚ್ಚಗೆ ಮಾಡಿ ಔಡಲೆಣ್ಣೆ ಸವರುತ್ತಿದ್ದಳು. ಮಳೆಗಾಲದಲ್ಲಿ ಒರೆಯ ಚರ್ಮ ಒಳಗೊಳಗೇ ಬೆವರುತ್ತದೆಂದು ಖಡ್ಗವನ್ನು ಒರೆಯಲ್ಲಿಡದೆ, ಹಳೇ ಧೋತರದ ಅರಿವೆ ಸುತ್ತಿ ಒಲೆಯ ಮೇಲಿನ ಜಂತಿಗೆ ಕಟ್ಟುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಶಂಕ್ರಪ್ಪನ ಕೆನ್ನೆಗೆ ಒಂದು ಸಲ ಕೀವು ಆದದ್ದಿಲ್ಲ.

ಎಪ್ಪತ್ತೊಂದನೇ ಇಸವಿಯ ಶ್ರಾವಣದಲ್ಲಿ ಗುತ್ತೆಪ್ಪ ಹಿತ್ತಲಲ್ಲಿ ಅವಳನ್ನು ಕಂಡ. ಬಾಯಿ ಬಾಯಿ ಬಡಿದುಕೊಂಡು ಊರು ಕೂಡಿಸಿದ. ಹಿರಿಯರು ಸೇರಿ, ಮೈಲಿಗೆಯಾದ ಶಸ್ತ್ರವನ್ನು ಗುತ್ತೆಪ್ಪನ ಮನೆಯ ದೇವರ ಕೋಣೆಗೆ ಸಾಗಿಸಿದರು. ಅಲ್ಲಿ ಅದಕ್ಕೆ ದಿನಾ ಅಭಿಷೇಕ. ಹಾಲು, ಮೊಸರು, ಎಳನೀರು, ಮೇಲೆ ಹಸಿ ವಿಭೂತಿ, ಕುಂಕುಮ. ಒರೆಸಿದರೆ ಪುಣ್ಯ ಕಡಿಮೆಯಾಗುತ್ತದೆಂದು ಒದ್ದೆ ಒದ್ದೆಯೇ ಕೆಂಪು ವಸ್ತ್ರದಲ್ಲಿ ಸುತ್ತಿಡುವುದು. ಭಕ್ತಿಯೆಂದು ಈ ಮಂದಿ ಮಾಡಿದ್ದನ್ನು ವೈರಿಯೂ ಮಾಡಲಾರ. ದೀಪಾವಳಿ ಕಳೆದ ಮೇಲೆ ಹಿರಿಯರ ಮಾತು ಮೀರಲಾರದೆ ಶಂಕ್ರಪ್ಪ ಅದನ್ನೇ ಹಾಕಿಕೊಂಡ. ಎಂಟನೇ ದಿನ ಅವನ ದವಡೆ ಕಚ್ಚಿಕೊಂಡಿತು, ಬೆನ್ನು ಬಿಲ್ಲಿನಂತೆ ಬಾಗಿತು. ಹಾನಗಲ್ಲಿನ ದವಾಖಾನೆಗೆ ಒಯ್ದರು. ಡಾಕ್ಟರರ ಹತ್ತಿರ ಒಳಗೆ ಹೋದವನು ಗುತ್ತೆಪ್ಪ ಒಬ್ಬನೇ. ಹೊರಗೆ ಬಂದು, "ಇದು ದೇವರ ಸಿಟ್ಟಂತ, ತಮ್ಮ ಕೈಯಾಗ ಏನೂ ಇಲ್ಲಂತ" ಎಂದ. ಶಂಕ್ರಪ್ಪ ಉಳಿಯಲಿಲ್ಲ.

ದೇವರ ಸಿಟ್ಟು ಯಾರ ಮೇಲೆ? ಮುಟ್ಟಬಾರದ ಹೆಂಗಸಿನ ಮೇಲೆ. ಅಲ್ಲಿಂದ ಮುಂದೆ ಹಾಲವ್ವ ಗಂಡನನ್ನು ತಿಂದವಳು. ಶುಭಕಾರ್ಯಕ್ಕೆ ಕರೆಯುವುದಿರಲಿ, ಬೀಜದ ಬುಟ್ಟಿಗೆ ಅವಳ ನೆರಳು ಬಿದ್ದರೂ ಬುಟ್ಟಿ ಸರಿಸುತ್ತಿದ್ದರು. ತುಕ್ಕಿನ ಮಾತು ಹೇಳಿದರೆ ಹಿರಿಯರು ನಕ್ಕರು. ದೇವರ ಶಸ್ತ್ರದಲ್ಲಿ ನಂಜೇ? ತಮ್ಮ ತಮ್ಮ ಕುಡಗೋಲಿಗೆ ತಪ್ಪದೆ ಎಣ್ಣೆ ಸವರುವ ಇದೇ ಜಾಣರು ನಕ್ಕರು.

ಮದುವೆಗೆ ನಾಲ್ಕು ದಿನ ಇರುವಾಗ ಹಾಲವ್ವ ಮಗನನ್ನು ಕೇಳಿದಳು, "ಹಾಕ್ಕೊಳ್ಳಾಂವ ಏನು ನೀ?"

"ಅಪ್ಪ ಹಾಕ್ಕೊತಿದ್ದ. ನಾನೂ ಹಾಕ್ಕೊತೇನಿ. ಮಂದಿ ನಿನ್ನ ಬಗ್ಗೆ ಆಡೂದು ನಿಲ್ಲಲಿ."

ತನ್ನ ಹೆಸರು ತೊಳೆಯಲು ಈ ಹುಡುಗ ಸಾಯಬೇಕೇ? ಎದ್ದವಳೇ ಗುತ್ತೆಪ್ಪನ ಮನೆಗೆ ಹೋದಳು. ಅವನು ಹೊಸ್ತಿಲಲ್ಲೇ ಅಡ್ಡ ನಿಂತ.

"ಶಸ್ತ್ರ ಒಮ್ಮೆ ನನಗ ತೋರಸು. ಮುಟ್ಟೂದಿಲ್ಲ, ನೋಡ್ತೇನಿ ಅಷ್ಟ."

"ನಿನ್ನ ದೃಷ್ಟಿ ಬೀಳೂದೂ ಬ್ಯಾಡ ವೈನಿ. ಹೆಂಗಿಟ್ಟೇನಿ ಗೊತ್ತೈತೇನು? ಬೆಳ್ಳಿ ಹಂಗ ಹೊಳ್ಯಾಕತ್ತೈತಿ."

ಹಾಲವ್ವ ಹಿಂದಕ್ಕೆ ಬಂದಳು. ಒಂಬತ್ತು ವರ್ಷ ಹಾಲು ಕುಡಿದ ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯುತ್ತದೆಂದರೆ ಅದರಲ್ಲೇನೋ ಮಸಲತ್ತಿದೆ. ಕಬ್ಬಿಣ ಕಬ್ಬಿಣದ ಹಾಗೇ ಹೊಳೆಯಬೇಕು, ಸ್ವಲ್ಪ ನೀಲಿಯಾಗಿ, ಎಣ್ಣೆ ಎಣ್ಣೆಯಾಗಿ.

ಗುಗ್ಗುಳದ ದಿನ ಯಾರೂ ಕರೆಯದಿದ್ದರೂ ಬೆಳಗಿನ ಬಸ್ಸು ಹಿಡಿದು ಅಕ್ಕಿಆಲೂರಿಗೆ ಹೋದಳು. ಗಿರಣಿಯ ಅಂಗಳದಲ್ಲಿ ಮುನ್ನೂರು ಮಂದಿ. ಚಿಕ್ಕೇರೂರಿನ ಹಿರಿಯರು ಜಮಖಾನೆಯ ಮೇಲೆ ಹೊಟ್ಟೆ ಬಿಟ್ಟುಕೊಂಡು ಕುಳಿತಿದ್ದರು. ಸಮಾಳದ ವಾದ್ಯ ಮೊಳಗುತ್ತಿತ್ತು. ಗುತ್ತೆಪ್ಪ ಹೊಸ ರುಮಾಲು ಸುತ್ತಿ ಕೆಂಪು ವಸ್ತ್ರ ಬಿಚ್ಚಿ ಶಸ್ತ್ರ ಎತ್ತಿ ಹಿಡಿದ. ಬಿಸಿಲಿಗೆ ಅದು ಫಳಫಳ ಎಂದಿತು. ಜನ ಓ ಎಂದರು. ಹಾಲವ್ವ ನೋಡಿದ್ದು ಶಸ್ತ್ರವನ್ನಲ್ಲ, ಬಿಚ್ಚಿದ ವಸ್ತ್ರವನ್ನು. ಅದಕ್ಕೆ ಅಂಟಿದ್ದ ಬೆಳ್ಳನೆಯ ಹಕ್ಕಳೆಗಳನ್ನು ಕಂಡದ್ದೇ ಅವಳಿಗೆ ಎಲ್ಲ ತಿಳಿಯಿತು. ಕಬ್ಬಿಣದ ಗೇಟಿಗೆ, ಟ್ರಂಕಿಗೆ ಹಚ್ಚುವ ಬೆಳ್ಳಿಬಣ್ಣ. ಈ ಹೇಡಿ ತುಕ್ಕಿನ ಮೇಲೆ ಪೇಂಟು ಬಳಿದು ತಂದಿದ್ದಾನೆ.

"ಒಂದೀಟು ನಿಲ್ರಿ!" ಎಂದು ಕೂಗಿದಳು. ಸಮಾಳ ನಿಂತಿತು.

"ಯಾರವಾ ನೀ?" ಎಂದ ಪರಮೇಶ್ವರಪ್ಪ.

"ಹುಡುಗನ ಅವ್ವ ರಿ. ಶಂಕ್ರಪ್ಪ ಪುರವಂತನ ಹೇಣ್ತಿ. ನಾ ಏನೂ ಮುಟ್ಟೂದಿಲ್ರಿ, ಹೆದರಬ್ಯಾಡ್ರಿ." ಅವಳು ಕೈ ಕಟ್ಟಿಕೊಂಡು ನಿಂತಳು. "ಉಳವಪ್ಪ, ಅದನ್ನ ಉಗುರಿಲೆ ಕೆರದ ನೋಡು."

ಮಗ ಕೆರೆದ. ಬಣ್ಣ ಸಿಪ್ಪೆಯಾಗಿ ಎದ್ದುಬಂತು. ಕೆಳಗೆ ಕಂದು ತುಕ್ಕು ಗುಳಿ ಗುಳಿಯಾಗಿ ಕಬ್ಬಿಣವನ್ನು ತಿಂದಿತ್ತು. ಮುಂದಿನ ಸಾಲಿನವರು ಕತ್ತು ಚಾಚಿ ನೋಡಿದರು.

ಆದರೂ ಗುತ್ತೆಪ್ಪ ದನಿ ಬಿಡಲಿಲ್ಲ. "ವೀರಭದ್ರನ ಶಸ್ತ್ರಕ್ಕ ತುಕ್ಕು ಹತ್ತಿದ್ರ ಅದೂ ಪ್ರಸಾದನ! ಭಕ್ತಿ ಇದ್ದಾಂವಗ ಏನೂ ಆಗೂದಿಲ್ಲ!" ಜಮಖಾನೆಯ ಮೇಲಿನ ತಲೆಗಳು ಹೌದು ಹೌದೆಂದು ಆಡಿದವು. ಆ ತಲೆಗಳಿಗೆ ಬೇರೇನೂ ಬರುತ್ತಿರಲಿಲ್ಲ.

"ಖರೆ ಮಾತು," ಎಂದಳು ಹಾಲವ್ವ. "ಹೊಸಬಗ ಶಸ್ತ್ರ ಕೊಡೂಮುಂದ ಕೊಡಾಂವ ಮೊದಲ ಹಾಕ್ಕೊಂಡು ತೋರಸಬೇಕು. ನಿಮ್ಮ ಮನೆತಾನದ ಕಟ್ಟಳಿ ಅಲ್ಲೇನು? ನಿನ್ನಷ್ಟು ಭಕ್ತಿ ಯಾರಿಗೈತಿ? ಹಾಕ್ಕೋ."

ಕಟ್ಟಳೆ ಎಲ್ಲರಿಗೂ ಗೊತ್ತಿತ್ತು, ಅನುಕೂಲಕ್ಕೆ ಎಲ್ಲರೂ ಮರೆತಿದ್ದರು. "ಕಟ್ಟಳಿ ಹೌದಲ್ಲೋ ಗುತ್ತೆಪ್ಪ," ಎಂದ ಪರಮೇಶ್ವರಪ್ಪ.

"ನನಗ ಹಲ್ಲುನೋವು ಐತ್ರಿ ಸಾಹುಕಾರ್ರ..."

"ಕೆನ್ನಿಗೆ ಹಾಕ್ಕೊಳ್ಳೂದಪಾ, ಹಲ್ಲಿಗಲ್ಲ. ಮುಹೂರ್ತ ಮೀರಾಕತ್ತೈತಿ. ಹಾಕ್ಕೋ."

ಸಮಾಳದವನು ಹುರುಪು ಬರಲೆಂದು ಎರಡು ಪೆಟ್ಟು ಬಾರಿಸಿದ. ಗುತ್ತೆಪ್ಪ ಶಸ್ತ್ರವನ್ನು ಕೆನ್ನೆಯ ಹತ್ತಿರ ತಂದ. ತುದಿ ಚರ್ಮಕ್ಕೆ ತಾಕಿದ್ದೇ ತಡ, ಹಾವು ಹಿಡಿದವನಂತೆ ಅದನ್ನು ನೆಲಕ್ಕೆಸೆದ.

"ಬ್ಯಾಡ್ರಿ! ತುಕ್ಕಿಲೆ ಧನುರ್ವಾಯು ಆಕ್ಕೈತ್ರಿ! ಡಾಕ್ಟರ್ ಅವತ್ತ ಹೇಳ್ಯಾರ್ರಿ, ತುಕ್ಕಿನಿಂದನ ಆಗೇತಿ ಅಂತ..."

ಬಾಯಿ ಜಾರಿದ್ದು ತಿಳಿದು ನಾಲಿಗೆ ಕಚ್ಚಿಕೊಂಡ.

"ಯಾವತ್ತ?" ಎಂದಳು ಹಾಲವ್ವ.

ಅವನು ರುಮಾಲು ಸರಿಪಡಿಸಿಕೊಂಡ.

"ಯಾವತ್ತ ಹೇಳಿದ್ರೋ, ಗುತ್ತೆಪ್ಪ? ನಿಮ್ಮಣ್ಣ ಒಳಗ ಸೆಟದು ಮಲಗಿದ್ದಾಗ? ನಾ ಹೊರಗ ಬಾಗಲದಾಗ ಕುಂತಿದ್ದಾಗ?"

ಒಂಬತ್ತು ವರ್ಷ. ಗೊತ್ತಿದ್ದೂ ಒಂಬತ್ತು ವರ್ಷ ಅವಳನ್ನು ಗಂಡನ ಕೊಲೆಗಾತಿ ಮಾಡಿ ಕೂರಿಸಿದ್ದ. ಗೊತ್ತಿದ್ದೂ ಇವತ್ತು ಅಣ್ಣನ ಮಗನ ಕೈಗೆ ಅದನ್ನೇ ಕೊಡಲು ಬಣ್ಣ ಹಚ್ಚಿ ತಂದಿದ್ದ. ಉಳವಪ್ಪ ಚಿಕ್ಕಪ್ಪನಿಂದ ಸರಿದು ಅವ್ವನ ಪಕ್ಕಕ್ಕೆ ಬಂದು ನಿಂತ. ಜಮಖಾನೆಯ ಹಿರಿಯರಲ್ಲಿ ಒಬ್ಬನಿಗೆ ಎಲೆಅಡಿಕೆ ಚೀಲದಲ್ಲಿ ಏನೋ ಹುಡುಕುವುದಿತ್ತು, ಇನ್ನೊಬ್ಬನಿಗೆ ಗಿರಣಿಯ ತಗಡು ನೋಡುವುದಿತ್ತು. ಹಾಲವ್ವನಿಗೆ ಅವರ ಮೇಲೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟು ಮಾಡಿಸಿಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕು.

ಕಡೆಗೆ ಆ ಹಿರಿಯರಲ್ಲೊಬ್ಬ ನಾಚಿಕೆ ಬಿಟ್ಟು ಬಾಯಿ ತೆರೆದ. "ಆದದ್ದು ಆತವಾ ಹಾಲವ್ವ. ಗುಗ್ಗುಳ ನಿಲ್ಲಬಾರದು. ನಿನಗ ಗೊತ್ತೈತೆಲ್ಲಾ, ನೀನ ಒಂದೀಟು ಹಸನ ಮಾಡಿ ಕೊಡು."

"ನನ್ನ ಕೈ ಮೈಲಿಗಿ ರಿ," ಎಂದಳು. "ನೀವ ಹೇಳಿದ್ದು. ಬಣ್ಣ ಹಚ್ಚಿದಾಂವ ಕುಂತು ಒಣಾ ಬೂದಿ, ಇಟ್ಟಂಗಿ ಪುಡಿಲೆ ತಿಕ್ಕಲಿ."

ಪರಮೇಶ್ವರಪ್ಪ ಕಣ್ಸನ್ನೆ ಮಾಡಿದ. ಆಳು ಅಡುಗೆಯ ಒಲೆಯಿಂದ ಒಣ ಬೂದಿ ತಂದ, ಒಡೆದ ಇಟ್ಟಂಗಿ ತಂದು ಜಜ್ಜಿದ. ಮುನ್ನೂರು ಮಂದಿಯ ನಡುವೆ ಗುತ್ತೆಪ್ಪ ಹೊಸ ಧೋತರದಲ್ಲೇ ನೆಲಕ್ಕೆ ಕುಕ್ಕರುಗಾಲಲ್ಲಿ ಕುಳಿತ. ರೂಢಿಯಂತೆ ಮೊದಲು ನೀರಿನ ತಂಬಿಗೆಗೆ ಕೈ ಹಾಕಿದ.

"ನೀರು ಮುಟ್ಟಬ್ಯಾಡ! ಇಷ್ಟ ಆದ್ರೂ ಬುದ್ಧಿ ಬರಲಿಲ್ಲಲ್ಲ ನಿನಗ. ಒಣಾ ಬೂದಿ ತಗೋ. ಉದ್ದಕ ತಿಕ್ಕು, ಅಡ್ಡ ಅಲ್ಲ."

ಅವನು ತಿಕ್ಕಿದ. ಬಣ್ಣ ಹೋಯಿತು, ತುಕ್ಕು ಕೆಂಪಗೆ ಉದುರಿತು, ಅಂಗೈ ಬೊಬ್ಬೆಯೆದ್ದಿತು. ಸಮಾಳದವನು ಬೀಡಿ ಹಚ್ಚಿದ. ಒಳಗೆ ಅನ್ನ ಆರುತ್ತಿತ್ತು, ಮುಹೂರ್ತ ಯಾವಾಗಲೋ ಮೀರಿತ್ತು. ಯಾರೂ ಎದ್ದು ಹೋಗಲಿಲ್ಲ. ಬಹಳ ಹೊತ್ತಾದ ಮೇಲೆ ಗುತ್ತೆಪ್ಪ ತಲೆ ಎತ್ತದೆ ಶಸ್ತ್ರವನ್ನು ಎರಡೂ ಕೈಯಲ್ಲಿ ಅವಳ ಕಡೆ ಚಾಚಿದ.

"ನೋಡ್ರಿ ವೈನಿ," ಎಂದ. ಬಹುವಚನ ಆ ಬಾಯಿಂದ ಅದೇ ಮೊದಲ ಸಲ ಬಂದದ್ದು.

ಹಾಲವ್ವ ಕೈ ಚಾಚಲಿಲ್ಲ. ಬಗ್ಗಿ, ತುದಿಯಿಂದ ಹಿಡಿಯವರೆಗೆ ಅವಸರವಿಲ್ಲದೆ ನೋಡಿದಳು.

"ಇನ್ನ ಐತಿ," ಎಂದಳು. "ತಿಕ್ಕು."