ಹುಣಸೆಕೊಂಬೆಗೆ ಎರಡು ಮೊಳದ ಹೆಣಿಗೆ

ಹಗ್ಗ ಹೆಣೆಯುವುದು ನನ್ನ ಕಸುಬು. ಹೆಣೆಯುವುದೆಂದರೆ ಗಂಟು ಹಾಕುವುದಲ್ಲ. ಇದನ್ನು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಎರಡು ಹಗ್ಗಗಳ ತುದಿ ಬಿಚ್ಚಿ, ಇದರ ಹುರಿಗಳನ್ನು ಅದರ ಹುರಿಗಳ ಸಂದಿಯಲ್ಲಿ ಒಂದೊಂದಾಗಿ ತೂರಿಸಿ, ಎಳೆದು, ಮತ್ತೆ ತೂರಿಸಿ, ಎರಡನ್ನೂ ಒಂದೇ ಹಗ್ಗ ಮಾಡುವುದು. ನನ್ನಪ್ಪ ಗಾದಿಲಿಂಗಪ್ಪ ಕಂಪ್ಲಿಯಲ್ಲಿ ಕಬ್ಬಿನ ಗಾಡಿಗಳಿಗೆ ಹಗ್ಗ ಹೊಸೆಯುತ್ತಿದ್ದ, ಅವನೇ ಕಲಿಸಿದ್ದು. ಹೊಸಪೇಟೆಗೆ ಸೊಸೆಯಾಗಿ ಬಂದ ಮೇಲೆ ಸುತ್ತಲಿನ ಮರ ಕಡಿಯುವವರೆಲ್ಲ ಹಗ್ಗ ಹೊತ್ತುಕೊಂಡು ನಮ್ಮ ಮನೆಗೇ ಬರುತ್ತಿದ್ದರು. ನಮ್ಮನೆಯವರೂ ಮರ ಹತ್ತುವವರೇ. ಹೆಸರು ಉಚ್ಚೆಂಗೆಪ್ಪ. ಗಂಡನ ಹೆಸರು ಬಾಯಿಬಿಟ್ಟು ಹೇಳುವ ರೂಢಿ ನನಗಿಲ್ಲ, ಇಲ್ಲಿ ಬೇಕಾಯಿತೆಂದು ಹೇಳಿದೆ.

ಅವರು ಕಡ್ಡಿರಾಂಪುರದಲ್ಲಿ ಒಂದು ಬೇವಿನ ಮರದಿಂದ ಬಿದ್ದರು. ಭುಜ ಮುರಿಯಿತು. ಸೊಂಟಕ್ಕೆ ಕಟ್ಟಿದ್ದ ಹಗ್ಗ ಹರಿದಿತ್ತು, ಆ ಹಗ್ಗದಲ್ಲಿ ನನ್ನದೊಂದು ಹೆಣಿಗೆ ಇತ್ತು. ಇನ್ನೇನು ಬೇಕು ಜನಕ್ಕೆ? ದ್ಯಾಮಕ್ಕನ ಹೆಣಿಗೆ ಬಿಚ್ಚಿಕೊಂಡು ಗಂಡನೇ ಬಿದ್ದನಂತೆ ಎಂಬ ಮಾತು ಸಂಜೆಯೊಳಗೆ ಊರೆಲ್ಲ ಆಡಿತು.

ಹರಿದ ಹಗ್ಗವನ್ನು ಕೈಯಲ್ಲಿ ಹಿಡಿದು ನೋಡಿದವಳು ನಾನೊಬ್ಬಳೇ. ಹೆಣಿಗೆ ಗಟ್ಟಿಯಾಗಿತ್ತು. ಹರಿದದ್ದು ಅದರಿಂದ ಒಂದು ಗೇಣು ಆಚೆ. ಅಲ್ಲಿ ಹುರಿ ಬಿಚ್ಚಿದರೆ ಒಳಗಿಂದ ಕುಂಕುಮದಂಥ ಕೆಂಪು ಪುಡಿ ಉದುರಿತು. ಅದಿರಿನ ಧೂಳು. ಆ ವರ್ಷಗಳಲ್ಲಿ ಸಂಡೂರಿನಿಂದ ಅದಿರು ಲಾರಿಗಳು ಒಂದರ ಬಾಲ ಒಂದು ಹಿಡಿದು ಬರುತ್ತಿದ್ದವು. ತಾಡಪಾಲು ಬಿಗಿದು ಹಳತಾದ ಹಗ್ಗಗಳನ್ನು ಕ್ಲೀನರುಗಳು ಪುಕ್ಕಟೆ ಕೊಡುತ್ತಿದ್ದರು. ನಮ್ಮ ಕಡೆಯವರು ಅವನ್ನು ತೊಳೆದು ಒಣಗಿಸಿ ಮರಕ್ಕೆ ಹಾಕುತ್ತಿದ್ದರು. ತೊಳೆದರೆ ಧೂಳು ಹೋಗುವುದಿಲ್ಲ, ಇನ್ನೂ ಒಳಗೆ ಇಳಿಯುತ್ತದೆ. ಎಳೆದಾಗಲೆಲ್ಲ ನಾರನ್ನು ಒಳಗೊಳಗೇ ಕೊಯ್ಯುತ್ತದೆ.

ಆ ಹಗ್ಗವನ್ನು ಹೊಸದೆಂದು ಹೇಳಿ ನನ್ನ ಕೈಗೆ ಕೊಟ್ಟವರು ನಮ್ಮನೆಯವರೇ. ತುದಿಗಳು ಚೊಕ್ಕವಾಗಿದ್ದವು, ನಡುವೆ ಬಿಚ್ಚಿ ನೋಡದೆ ಹೆಣೆದುಕೊಟ್ಟೆ. ಗಂಡನ ಮಾತು ನಂಬಿದ್ದು ನನ್ನ ತಪ್ಪು. ಆ ಕೆಂಪು ಪುಡಿಯನ್ನು ಅವರ ಹಾಸಿಗೆಯ ಮುಂದೆ ಸುರಿದು ಜಗಳ ತೆಗೆದೆ. ಅವರು ಗೋಡೆಗೆ ಮುಖ ತಿರುಗಿಸಿ ಮಲಗಿದರು. ಹಾಸಿಗೆ ಹಿಡಿದವನ ಮರ್ಯಾದೆಯನ್ನು ಬೀದಿಗೆ ಎಳೆಯುವ ಮನಸ್ಸಾಗದೆ ಹೊರಗೆ ಬಾಯಿ ಮುಚ್ಚಿಕೊಂಡೆ. ಸಿಟ್ಟು ಮಾತ್ರ ಹೋಗಲಿಲ್ಲ. ಎರಡು ವರ್ಷ ಒಬ್ಬರೂ ನನ್ನ ಹತ್ತಿರ ಹಗ್ಗ ತರಲಿಲ್ಲ.

ಆಮೇಲೆ ಮರಿಯಮ್ಮನಹಳ್ಳಿಯ ಹುಣಸೆಮರ ಬಂತು. ರಸ್ತೆ ಅಗಲ ಮಾಡುವವರು ಒಂದು ಕಡೆಯ ಬೇರನ್ನೆಲ್ಲ ಕಡಿದು ಹಾಕಿದ್ದರಿಂದ ಮರ ತಾಯಕ್ಕ ಎಂಬಾಕೆಯ ಹೆಂಚಿನ ಮನೆಯ ಮೇಲೆ ವಾಲಿತ್ತು. ಓಣಿ ಇಕ್ಕಟ್ಟು, ಕ್ರೇನು ಒಳಗೆ ಬರುವಂತಿರಲಿಲ್ಲ. ಒಂದೊಂದೇ ಕೊಂಬೆ ಕೊಯ್ದು ಹಗ್ಗದಲ್ಲಿ ಇಳಿಸಬೇಕು. ಮರ ಕಡಿಯುವ ತಂಡ ನಮ್ಮನೆಯವರ ಚಿಕ್ಕಪ್ಪನ ಮಗ ಪಂಪೇಶನದು. ಅವನ ಆಳುಗಳಲ್ಲಿ ಆ ಮರ ಹತ್ತುವ ಧೈರ್ಯ ಯಾರಿಗೂ ಇರಲಿಲ್ಲ, ಅದಕ್ಕೆ, ಭುಜ ಕೂಡಿ ಮತ್ತೆ ಮರ ಹತ್ತುತ್ತಿದ್ದ ಅಣ್ಣನನ್ನು ಕರೆದ. ನನ್ನನ್ನು ಯಾರೂ ಕರೆಯಲಿಲ್ಲ. ನಾನಾಗಿಯೇ ನನ್ನದೊಂದು ಹಗ್ಗದ ಸುರುಳಿ ಹೊತ್ತು ಟೆಂಪೋ ಹತ್ತಿ ಕೂತೆ.

ಹೋಗಿ ನೋಡಿದರೆ ಪಂಪೇಶ ಲಾರಿ ಹಗ್ಗಗಳನ್ನೇ ಸುರುಳಿ ಸುತ್ತಿ ಇಟ್ಟಿದ್ದ. ನಾನು ಒಂದನ್ನು ಎತ್ತಿ, ತಾಯಕ್ಕನ ಬಿಳಿ ಟವೆಲ್ ಹಾಸಿ, ಅದರ ಮೇಲೆ ನಡುಭಾಗದ ಹುರಿ ತಿರುವಿ ತೆರೆದೆ. ಟವೆಲ್ ಕೆಂಪಾಯಿತು.

"ಅತ್ತಿಗಿ, ಅದು ಮ್ಯಾಲಿನ ಧೂಳು," ಅಂದ ಪಂಪೇಶ.

"ಮ್ಯಾಲಿಂದಾದ್ರ ಒಳಗ್ಯಾಕ ಐತಿ? ಇದು ಬ್ಯಾಡ."

"ಹಂಗಾದ್ರ ಗಾಡ್ಯಾಗ ನೈಲಾನ್ ಐತಿ, ಅದನ್ನ ಹಾಕೂಣು."

"ಅದು ಭಾರ ಬಿದ್ರ ಜಗ್ಗತೈತಿ. ಹೆಂಚಿಗೂ ಕೊಂಬಿಗೂ ನಡುವ ಇರೋದು ಎರಡ ಮಾರು. ಅಷ್ಟು ಅದು ಜಗ್ಗಿದ್ರ ತಾಯಕ್ಕನ ಮನಿ ಉಳಿಯಂಗಿಲ್ಲ."

ನಾನು ತಂದದ್ದು ಕತ್ತಾಳೆ ನಾರಿನ ಹೊಸ ಹಗ್ಗ, ಹೆಚ್ಚು ಜಗ್ಗದ ಹಗ್ಗ. ಅಷ್ಟು ದಪ್ಪದ್ದು ಅಂಗಡಿಯಲ್ಲಿ ಎರಡು ತುಂಡಾಗಿ ಸಿಕ್ಕಿತ್ತು. ಎರಡೂ ಸೇರಿದರೇ ಉದ್ದ ಸಾಲುತ್ತಿತ್ತು. ಗಂಟು ಹಾಕಿದರೆ ಆ ಗಂಟು ಮೇಲಿನ ಕವಲಿನಲ್ಲಿ ಸಿಕ್ಕಿಕೊಳ್ಳುತ್ತದೆ, ಕೊಂಬೆ ನಡು ಆಕಾಶದಲ್ಲಿ ನಿಲ್ಲುತ್ತದೆ. ಅದಕ್ಕೇ ಹಿಂದಿನ ದಿನವೆಲ್ಲ ಕೂತು ಎರಡು ಮೊಳ ಉದ್ದದ ಹೆಣಿಗೆ ಹಾಕಿದ್ದೆ. ಹುರಿಗಳನ್ನು ತೆಳುವಾಗಿಸುತ್ತ ಹೋಗಿ, ಕಣ್ಣು ಮುಚ್ಚಿ ಕೈಯಾಡಿಸಿದರೆ ಎಲ್ಲಿ ಸೇರಿದೆ ಎಂದು ತಿಳಿಯದಷ್ಟು ನಯ ಮಾಡಿದ್ದೆ.

"ಹೆಣಿಗಿ ಹಗ್ಗಾನಾ?" ಎಂದು ಪಂಪೇಶ ಅಣ್ಣನ ಮುಖ ನೋಡಿದ. ಆಳುಗಳೂ ನೋಡಿದರು. ಇಲ್ಲಿ ಆ ಹೆಣಿಗೆ ಬಿಚ್ಚಿದರೆ ಜನ ಎರಡು ವರ್ಷ ಆಡಿದ ಮಾತೇ ನಿಜವಾಗಿ, ನಾನು ಸಾಯುವ ತನಕ ಕೈಕಟ್ಟಿ ಕೂರಬೇಕಿತ್ತು.

"ಅದನ್ನ ಹಾಕ್ರಿ," ಅಂದರು ನಮ್ಮನೆಯವರು. ಅಷ್ಟೇ ಅಂದು ಮರ ಹತ್ತಿದರು.

ಮೇಲಿನ ಕವಲಿನ ತೊಗಟೆ ಕೆತ್ತಿ, ಸೋಪು ಸವರಿ, ಹಗ್ಗ ದಾಟಿಸಿ, ಒಂದು ತುದಿಯನ್ನು ಕೊಂಬೆಗೆ ಬಿಗಿದರು. ಇನ್ನೊಂದು ಕಡೆಯನ್ನು ಕೆಳಗೆ ಪಂಪೇಶ ಎದುರಿನ ಬೇವಿನ ಬೊಡ್ಡೆಗೆ ಮೂರು ಸುತ್ತು ಸುತ್ತಿ ಹಿಡಿದ. ಗರಗಸ ಅರ್ಧ ಗಂಟೆ ಆಡಿತು. ಕೊಂಬೆ ಲಟಲಟ ಅಂದು ಬುಡದಿಂದ ಕಳಚಿಕೊಂಡಿತು.

ಹಗ್ಗ ಒಮ್ಮೆ ಕಿರುಗುಟ್ಟಿ ನಿಂತಿತು. ಎಮ್ಮೆಯಷ್ಟು ಭಾರದ ಕೊಂಬೆ ಹೆಂಚಿನ ಮೇಲೆ ತೂಗಾಡುತ್ತಿತ್ತು. ಪಂಪೇಶ ಗೇಣು ಗೇಣಾಗಿ ಸಡಿಲ ಬಿಟ್ಟಂತೆ ಕೊಂಬೆ ಓಣಿಯ ಕಡೆ ವಾಲಿ ಇಳಿಯತೊಡಗಿತು, ಈ ಕಡೆಯಿಂದ ನನ್ನ ಹೆಣಿಗೆ ಮೇಲೇರತೊಡಗಿತು. ಕವಲಿನ ಹತ್ತಿರ ಬಂತು. ಹೆಣಿಗೆಯ ತುದಿ ಕವಲಿಗೆ ತಾಕಿತು, ಬಾಗಿತು, ಅಷ್ಟೂ ಭಾರ ಅದರ ಮೇಲೇ ಬಿತ್ತು. ಒಂದು ಮೊಳ ದಾಟಿತು. ಎರಡನೆಯದೂ ದಾಟಿತು. ಒಂದು ನಾರೂ ಎದ್ದು ಬರಲಿಲ್ಲ.

ಕೊಂಬೆ ಓಣಿಯಲ್ಲಿ ಮೆಲ್ಲಗೆ ಕೂತಿತು. ಹೆಂಚು ಒಂದೂ ಅಲುಗಿರಲಿಲ್ಲ. ತಾಯಕ್ಕ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

ಪಂಪೇಶ ಬೆವರೊರೆಸಿಕೊಂಡು ನಕ್ಕ. "ಈ ಸಲ ಹೆಣಿಗಿ ಹಿಡೀತು ಬಿಡ್ರಿ, ಅತ್ತಿಗಿ."

ಈ ಸಲವಂತೆ. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಮೇಲಿನಿಂದ ಮಾತು ಬಂತು.

"ಲೇ ಪಂಪ್ಯಾ, ಆ ಸಲಾನೂ ಹಿಡಿದಿತ್ತಲೇ," ಅಂದರು ನಮ್ಮನೆಯವರು. ಓಣಿಯವರೆಲ್ಲ ತಲೆಯೆತ್ತಿದರು. "ಇಕಿ ಹೆಣಿಗಿ ಬಿಚ್ಚಿರಲಿಲ್ಲ. ಹರಿದಿದ್ದು ಹಗ್ಗ. ಲಾರಿಯವ್ರ ಹತ್ರ ಪುಕ್ಕಟೆ ಇಸ್ಕಂಡು, ತೊಳದು, ಹೊಸಾದಂತ ಸುಳ್ಳು ಹೇಳಿ ಇಕಿ ಕೈಗೆ ಕೊಟ್ಟಾವ ನಾನು. ನಾಚಿಕಿಗೆ ಎರಡು ವರ್ಷ ಬಾಯಿ ಮುಚ್ಕಂಡಿದ್ದೆ. ಎಲ್ಲಾರೂ ಕೇಳ್ರಿ."

ಅಷ್ಟು ಜನರ ಎದುರು, ಅಷ್ಟು ಎತ್ತರದಿಂದ ಕೂಗಿ ಹೇಳುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಕಣ್ಣು ತುಂಬಿ ಬಂತು. ಯಾಕೆ ಮುಚ್ಚಿಡಲಿ, ಖುಷಿಗೇ ಬಂತು.

ಪಂಪೇಶ ಹೋಗಿ ಗಾಡಿಯಲ್ಲಿದ್ದ ತನ್ನ ಹಗ್ಗಗಳನ್ನೆಲ್ಲ ಒಂದೂ ಬಿಡದೆ ಹೊತ್ತು ತಂದು ನನ್ನ ಮುಂದಿಟ್ಟ.

"ಇವನ್ನೂ ನೋಡಿ ಹೇಳ್ರಿ, ಅತ್ತಿಗಿ. ನೀವು ಹೂಂ ಅಂದಿದ್ದನ್ನಷ್ಟೇ ಮರಕ್ಕ ಹಾಕ್ತೀವಿ."

ಇನ್ನೂ ಐದು ಕೊಂಬೆ ಬಾಕಿಯಿತ್ತು, ಆಳುಗಳು ನಿಂತೇ ಇದ್ದರು, ನಮ್ಮನೆಯವರು ಕವಲಿನಲ್ಲಿ ಕೂತು ಕೆಳಗೆ ನೋಡುತ್ತಿದ್ದರು. ನಾನು ತಾಯಕ್ಕನ ಕಟ್ಟೆಯ ಮೇಲೆ ಕೂತು ಸೆರಗು ಬಿಗಿದುಕೊಂಡು, ಮೊದಲನೆಯ ಹಗ್ಗವನ್ನು ತೊಡೆಯ ಮೇಲೆ ಎಳೆದುಕೊಂಡೆ. ಅವಸರ ಮಾಡಲಿಲ್ಲ. ಎರಡು ವರ್ಷ ನಾನು ಕಾದಿದ್ದೆ, ಅವರೂ ಸ್ವಲ್ಪ ಹೊತ್ತು ಕಾಯಲಿ.