ಮಾಲೀಸು ಮಂಚದ ತಪ್ಪೊಪ್ಪಿಗೆ

ಮೈ ನೋವೆಂದು ಬಂದವರನ್ನು ಮಲಗಿಸಿ ಎಣ್ಣೆ ಹಚ್ಚಿ ತಿಕ್ಕುತ್ತಾರಲ್ಲ, ಆ ಮಾಲೀಸಿನ ಮಂಚ ನಾನು. ಗದಗಿನ ಬಡಿಗ ಮೌನೇಶಪ್ಪ ಬೇವಿನ ಹಲಗೆ ಜೋಡಿಸಿ ನನ್ನನ್ನು ಮಾಡಿದ. ಗರಡಿಯಲ್ಲಿ ಪೈಲ್ವಾನರ ಮೈ ತಿಕ್ಕಿ ಕೈ ಪಳಗಿದ್ದ ಬುಡ್ನೇಸಾಬರು ನನ್ನನ್ನು ತಮ್ಮ ಅಂಗಡಿಗೆ ಒಯ್ದರು.

ಮೂಟೆ ಹೊತ್ತು ಬೆನ್ನು ಬಿಗಿದ ಹಮಾಲರು ನನ್ನ ಮೇಲೆ ಬೋರಲು ಮಲಗಿದರೆ ಅರ್ಧ ಗಂಟೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಕುತ್ತಿಗೆ ಹಿಡಿದುಕೊಂಡು ಬಂದ ದರ್ಜಿ ಅತ್ತಿತ್ತ ಹೊರಳಿ ನೋಡುತ್ತಾ ನಗುತ್ತಾ ಹೋಗುತ್ತಿದ್ದ. ಆದರೆ ಸಾಬರು ಎಲ್ಲರನ್ನೂ ಮಲಗಿಸಿಕೊಳ್ಳುತ್ತಿರಲಿಲ್ಲ. ಜ್ವರ ಇದ್ದವರಿಗೆ, ಬಾವು ಬಂದವರಿಗೆ, "ಮೊದ್ಲು ಡಾಕ್ಟರಿಗೆ ತೋರಸ್ರಿ" ಎಂದು ಬಾಗಿಲಲ್ಲೇ ಹೇಳಿ ಕಳಿಸುತ್ತಿದ್ದರು. ಬಂದವರು ಹಾಗೆ ಹೋಗಿಬಿಟ್ಟರೆ ನನಗೆ ಬೇಸರ. ಆ ಬೇಸರ ನೆನೆದರೆ ಈಗ ನಾಚಿಕೆಯಾಗುತ್ತದೆ.

ವಯಸ್ಸಾಗಿ ಸಾಬರ ಕೈ ನಡುಗತೊಡಗಿತು. ಎರಡು ವರ್ಷ ತಮ್ಮಲ್ಲಿ ಕೆಲಸ ಕಲಿತಿದ್ದ ವಿರೂಪಾಕ್ಷಿಗೆ ನನ್ನನ್ನು ಕೊಟ್ಟರು. ವಿರೂಪಾಕ್ಷಿ ನನಗೆ ಕೆಂಪು ರೆಕ್ಸಿನ್ ಹೊದಿಸಿದ. ಹೊರಗೆ 'ಸಕಲ ನೋವಿಗೂ ಪರಿಹಾರ' ಎಂದು ಬೋರ್ಡು ಹಾಕಿದ. ಜನ ಸಾಲು ಹಚ್ಚಿ ಕೂತರು. ನಾನು ಬೀಗಿದೆ.

ಒಂದು ದಿನ ಬಸ್ ಕಂಡಕ್ಟರ್ ಸೋಮರಡ್ಡಿ ಕುಂಟುತ್ತಾ ಬಂದ. ಕಾಲು ಮುರಿದು ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡಿದ್ದನಂತೆ.

"ಪ್ಲಾಸ್ಟರ್ ತಗದಾರ, ಆದ್ರ ಮೀನಖಂಡ ಬಾತೈತಿ ನೋಡು" ಎಂದ.

"ರಕ್ತ ನಿಂತಿರತದ ಅಣ್ಣಾರ, ತಿಕ್ಕಿದ್ರ ಇಳೀತದ" ಎಂದ ವಿರೂಪಾಕ್ಷಿ.

ಆ ಕಾಲು ನನ್ನ ಮೇಲೆ ಬಿದ್ದಾಗ ರೆಕ್ಸಿನ್ ದಾಟಿ ಬಿಸಿ ತಾಗಿತು. ಇನ್ನೊಂದು ಕಾಲು ತಣ್ಣಗಿತ್ತು. ವಿರೂಪಾಕ್ಷಿಯ ಕೈ ಒಂದು ಗಳಿಗೆ ನಿಂತಿತು. ಬಾಗಿಲಲ್ಲಿ ಮೂವರು ಕೂತು ನೋಡುತ್ತಿದ್ದರು. ಅವನು ಮತ್ತೆ ಒತ್ತತೊಡಗಿದ. ಅವರ ಮುಂದೆ ನಿಲ್ಲಿಸದಿರಲಿ ಎಂದು ನಾನೂ ಬಯಸಿದೆ.

ಸೋಮರಡ್ಡಿ ಎದ್ದು ಕೂತವನೇ ಎದೆ ಹಿಡಿದುಕೊಂಡ. ಉಸಿರು ಸಿಗಲಿಲ್ಲ. ತುಟಿ ಕಪ್ಪಿಟ್ಟಿತು. ಬಾಗಿಲಲ್ಲಿದ್ದವರೇ ಅವನನ್ನು ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿದರು. ಕಾಲಿನಲ್ಲಿ ಹೆಪ್ಪುಗಟ್ಟಿದ್ದ ರಕ್ತ ಪುಪ್ಪುಸಕ್ಕೆ ಹೋಗಿದೆ, ಹಾಗೆ ಬಾತು ಬಿಸಿಯಾದ ಕಾಲನ್ನು ತಿಕ್ಕಲೇಬಾರದಿತ್ತು ಎಂದರಂತೆ ಡಾಕ್ಟರು. ಹನ್ನೊಂದು ದಿನದ ಮೇಲೆ ಜೀವ ಉಳಿಯಿತೆಂಬ ಸುದ್ದಿ ಬಂತು. ಅಂದೇ ವಿರೂಪಾಕ್ಷಿ ಬೋರ್ಡು ಇಳಿಸಿದ.

ಈಗ ಅವನದು ಚಹಾದಂಗಡಿ. ಕಾಲು ಕೊಯ್ಸಿಕೊಂಡು ಗಿಡ್ಡಾದ ನಾನು ಅದರ ಮುಂದಿನ ಬೆಂಚು. ಕಳೆದ ತಿಂಗಳು ಸೋಮರಡ್ಡಿ ಬಂದು ನನ್ನ ಮೇಲೆ ಕೂತ. ಚಹಾ ಕುಡಿದು ಕೇಳಿದ: "ಅವತ್ತು ನನ್ನ ಕಾಲು ಸುಡತಿತ್ತು. ನಿನಗ ಗೊತ್ತಾಗಿತ್ತೇನು?"

ವಿರೂಪಾಕ್ಷಿ ತೊಳೆಯುತ್ತಿದ್ದ ಲೋಟ ಕೆಳಗಿಟ್ಟ. "ಗೊತ್ತಾಗಿತ್ತು ಅಣ್ಣಾರ. ನಡುವ ನಿಲ್ಲಿಸಿದ್ರ, ಇವಗ ಕೆಲಸ ಬರೂದಿಲ್ಲ ಅಂತಾರಂತ ನಿಲ್ಲಿಸಲಿಲ್ಲ."

"ಬರೂದಿಲ್ಲ ಅನ್ನಾಕ ಅಷ್ಟ್ಯಾಕ ನಾಚಿಕಿ ಪಟ್ಟಿ?" ಎಂದ ಸೋಮರಡ್ಡಿ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ವಿರೂಪಾಕ್ಷಿ ಅವನಿಗೆ ಇನ್ನೊಂದು ಚಹಾ ಸೋಸಿದ. ಆ ಬಿಸಿ ನನಗೂ ಗೊತ್ತಾಗಿತ್ತು, ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಸೋಮರಡ್ಡಿಯ ಭಾರ ಹೊತ್ತು ನಿಂತೆ.