ಗಾಜಿನ ಬಾಗಿಲಾಚೆಯ ಅಧ್ಯಕ್ಷರು

ವಿಶ್ವವಿದ್ಯಾಲಯದ ಸಂಶೋಧನೆಗಳಲ್ಲಿ ಯಾರಿಗೂ ಅನ್ಯಾಯವಾಗದಂತೆ ನೋಡಿಕೊಳ್ಳುವ ಸಮಿತಿ ಅದು. ಯಾರ ಯೋಜನೆ ಚರ್ಚೆಗೆ ಬರುತ್ತದೋ ಅವರು ಎದ್ದು ಹೊರಗೆ ಹೋಗಬೇಕೆಂಬುದು ಅದರ ನಿಯಮ. ಅಧ್ಯಕ್ಷರಾದ ಪ್ರೊಫೆಸರರ ಸರದಿ ಬಂದಾಗ ಅವರು ಮಹಾತ್ಯಾಗಿಯ ಗತ್ತಿನಲ್ಲಿ ಎದ್ದರು. ಕೋಟನ್ನು ಮಾತ್ರ ಕುರ್ಚಿಯ ಬೆನ್ನಿಗೇ ಬಿಟ್ಟು ಹೋಗಿ, ಗಾಜಿನ ಬಾಗಿಲಿನಾಚೆ ಮೂಗು ತಾಗುವಷ್ಟು ಹತ್ತಿರ ನಿಂತರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

ತಮ್ಮದೇ ವಿದ್ಯಾರ್ಥಿಗಳನ್ನು ದಿನಗಟ್ಟಲೆ ನಿದ್ದೆಗೆಡಿಸಿ, ರಕ್ತ ತೆಗೆದು ನೋಡುವುದು ಅವರ ಯೋಜನೆ. ಸಮಿತಿಗೆ ಹೊಸದಾಗಿ ಸೇರಿದ್ದ ವಕೀಲೆಗೆ ಮೈ ಉರಿಯಿತು.

"ಪರೀಕ್ಷೇಲಿ ಅಂಕ ಹಾಕೋರೂ ಇವರೇ ಅಲ್ವಾ? ಬೇಡ ಅನ್ನೋ ಧೈರ್ಯ ಯಾವ ಹುಡುಗನಿಗಿರುತ್ತೆ?" ಎಂದು ಕೇಳಿದಳು.

ಬಾಗಿಲಿನಾಚೆಯಿಂದ ಒಂದು ಕೆಮ್ಮು ಕೇಳಿಸಿತು. ಅಷ್ಟಕ್ಕೇ ಮೇಜಿನ ಸುತ್ತ ಕೂತಿದ್ದ ಪಂಡಿತೋತ್ತಮರೆಲ್ಲ ಬಾಯಿಗೆ ಬೀಗ ಹಾಕಿಕೊಂಡರು. ಒಬ್ಬರ ಬಡ್ತಿ ಇನ್ನೂ ಅಧ್ಯಕ್ಷರ ಕೈಯಲ್ಲಿತ್ತು, ಇನ್ನೊಬ್ಬರ ಮಗಳು ಅವರ ಬಳಿಯೇ ಪಿಎಚ್.ಡಿ. ಮಾಡುತ್ತಿದ್ದಳು. ಎಲ್ಲರೂ ಖಾಲಿ ಕುರ್ಚಿಯ ಕೋಟಿನ ಕಡೆ ನೋಡಿ ಕೋಲೆ ಬಸವನಂತೆ ತಲೆಯಾಡಿಸಿದರು. ಯೋಜನೆ ಪಾಸಾಯಿತು.

ಅಧ್ಯಕ್ಷರು ಒಳಗೆ ಬಂದು ಕೂತು, ವಕೀಲೆಯ ಕಡೆ ತಿರುಗಿ ನಕ್ಕರು.

"ನೀವೇನ್ ಮಾತಾಡಿದ್ರೋ ನಂಗೊತ್ತಿಲ್ಲಮ್ಮ, ನಿಯಮ ಅಂದ್ರೆ ನಿಯಮ. ಆದ್ರೂ ಹೇಳ್ತೀನಿ, ನನ್ನ ಹುಡುಗ್ರು ಯಾವತ್ತೂ ನಂಗೆ ಬೇಡ ಅಂದಿಲ್ಲ."

ವಕೀಲೆ ಮೇಜಿನ ಸುತ್ತ ಒಮ್ಮೆ ಕಣ್ಣಾಡಿಸಿದಳು.

"ನಂಬ್ತೀನಿ ಸಾರ್," ಎಂದಳು. "ತಲೆ ನರೆತ ಇವರೇ ಬೇಡ ಅನ್ನಲಿಲ್ಲ, ಪಾಪ, ಅವರಿನ್ನೂ ಹುಡುಗ್ರು."